ಪಿಕಪ್ ವಾಹನ ಒಂದೇ ಬದಿಗೆ ಎಳೆಯುವುದೇಕೆ? ಕಾರಣ ಪತ್ತೆ ಹಚ್ಚುವ ಕ್ರಮ

ಬಾಗಲಕೋಟೆ: ಸ್ಟಿಯರಿಂಗ್ ಚಕ್ರವನ್ನು ನೇರವಾಗಿ ಹಿಡಿದಿದ್ದರೂ ವಾಹನವು ಎಡಕ್ಕೋ ಬಲಕ್ಕೋ ಸರಿಯುತ್ತಾ ಹೋಗುವುದು ಸರಕು ಸಾಗಿಸುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ. ಇಳಕಲ್ಲಿನ ಗ್ರಾನೈಟ್ ಘಟಕಗಳಿಂದ ಕಲ್ಲು ಹೊರುವ ಗಾಡಿಯಿರಲಿ, ಬಾದಾಮಿಯ ಸಂತೆಗೆ ತರಕಾರಿ ಒಯ್ಯುವ ಗಾಡಿಯಿರಲಿ, ಒಂದಲ್ಲ ಒಂದು ದಿನ ಈ ತೊಂದರೆಯನ್ನು ಎದುರಿಸದ ಚಾಲಕರು ವಿರಳ. ದೋಷ ಕಂಡ ಕೂಡಲೇ 'ಅಲೈನ್‌ಮೆಂಟ್ ಮಾಡಿಸು' ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಹಣ ಖರ್ಚಾಗುತ್ತದೆ, ಎಳೆತ ಮಾತ್ರ ಉಳಿಯುತ್ತದೆ.

ಎಡಕ್ಕೆ ಎಳೆಯುವ ವಾಹನ ರಸ್ತೆ ಬದಿಯ ಪಾದಚಾರಿಗಳ ಮೇಲೆ, ಕಬ್ಬು ಹೇರಿಕೊಂಡು ಹಿಂಬದಿಯ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆ ಹೋಗುತ್ತದೆ. ಬಲಕ್ಕೆ ಎಳೆಯುವ ವಾಹನ ಎದುರಿನಿಂದ ಬರುವ ವಾಹನಗಳ ಪಥಕ್ಕೆ ನುಗ್ಗುತ್ತದೆ. ಹಗಲಿನಲ್ಲಿ ಚಾಲಕ ಎಚ್ಚರದಿಂದ ಕೈ ಬಿಗಿಹಿಡಿದು ಇದನ್ನು ಸರಿದೂಗಿಸುತ್ತಾನೆ. ಆದರೆ ನಸುಕಿನ 4 ಗಂಟೆಗೆ, ನೂರಾರು ಕಿಲೋಮೀಟರ್ ಓಡಿಸಿ ತೋಳು ಸೋತ ಹೊತ್ತಿನಲ್ಲಿ ಒಂದು ಕ್ಷಣ ಹಿಡಿತ ಸಡಿಲವಾದರೆ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತದೆ. ದ್ವಿಪಥ ರಸ್ತೆಯ ಒಂದು ಪಥದ ಅಗಲವಾದರೋ ಕೇವಲ ಮೂರೂವರೆ ಮೀಟರ್.

ಎಳೆತ ಯಾವ ಬಗೆಯದು?

ಗ್ಯಾರೇಜಿಗೆ ಹೋಗುವ ಮುನ್ನ ಚಾಲಕನು ತನ್ನ ವಾಹನ ಏನು ಮಾಡುತ್ತಿದೆ ಎಂಬುದನ್ನು ಸ್ಪಷ್ಟವಾಗಿ ಗುರುತಿಸಿಕೊಳ್ಳಬೇಕು. 'ಗಾಡಿ ಎಳೀತದ' ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಸದಾ ಒಂದೇ ಬದಿಗೆ ಎಳೆಯುವುದು ಒಂದು ಬಗೆ. ಬ್ರೇಕ್ ಒತ್ತಿದಾಗ ಮಾತ್ರ ಒಂದು ಬದಿಗೆ ಜಗ್ಗುವುದು ಇನ್ನೊಂದು. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಮತ್ತೊಂದು ಕಡೆ ಹೊರಳುವುದು ಮೂರನೆಯದು. ಯಾವ ಬದಿಗೂ ನಿಲ್ಲದೆ ಎಡಬಲ ಓಲಾಡುವುದು ನಾಲ್ಕನೆಯದು; ಇದು ನಿಜವಾಗಿ ಎಳೆತವಲ್ಲ, ಸ್ಟಿಯರಿಂಗ್ ಜೋಡಣೆಗಳು ಸವೆದಿರುವುದರ ಸೂಚನೆ.

ಇವುಗಳ ಜೊತೆಗೆ ಸೇರಿಸಿ ಗೊಂದಲ ಮಾಡಿಕೊಳ್ಳುವ ಮತ್ತೊಂದು ಸಂಗತಿಯಿದೆ. ವಾಹನ ನೇರವಾಗಿಯೇ ಓಡುತ್ತಿರುತ್ತದೆ, ಆದರೆ ಸ್ಟಿಯರಿಂಗ್ ಚಕ್ರದ ಅಡ್ಡಪಟ್ಟಿ ಓರೆಯಾಗಿರುತ್ತದೆ. ಕೈ ಸಡಿಲಿಸಿದರೂ ಗಾಡಿ ದಾರಿ ಬಿಡದಿದ್ದರೆ ಅದು ಎಳೆತವಲ್ಲ. ಟೈರಾಡ್ ಅಥವಾ ಡ್ರ್ಯಾಗ್ ಲಿಂಕ್ ಹೊಂದಿಸುವಾಗ ಸ್ಟಿಯರಿಂಗನ್ನು ನಡುವಿನಲ್ಲಿ ನಿಲ್ಲಿಸದೆ ಬಿಗಿ ಮಾಡಿರುವ ಸಾಧ್ಯತೆ ಹೆಚ್ಚು. ಹಿಂದಿನ ಆಕ್ಸಲ್ ಓರೆಯಾಗಿದ್ದರೂ ಹೀಗೆಯೇ ಕಾಣುತ್ತದೆ. ಅದನ್ನು ಮುಂದೆ ನೋಡೋಣ.

ಪರೀಕ್ಷೆಗೆ ಬೆಳಗಿನ ಜಾವದ, ಗಾಳಿಯಿಲ್ಲದ, ಸಂಚಾರ ವಿರಳವಾದ ಸಮಯವನ್ನೇ ಆಯ್ದುಕೊಳ್ಳಬೇಕು. ವಾಹನ ಖಾಲಿಯಾಗಿರಬೇಕು. ಸ್ಟಿಯರಿಂಗ್ ಮೇಲಿನ ಕೈಯನ್ನು ತೆಗೆಯದೆ, ಬೆರಳುಗಳನ್ನು ಸಡಿಲಗೊಳಿಸಿ, 40 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಗಮನಿಸಬೇಕು. ಅದೇ ರಸ್ತೆಯಲ್ಲಿ ಹೋಗುವಾಗಲೂ ಬರುವಾಗಲೂ ಪರೀಕ್ಷಿಸುವುದು ಅತ್ಯವಶ್ಯ.

ರಸ್ತೆಯ ಇಳಿಜಾರು ಮತ್ತು ಗಾಳಿ

ಮಳೆನೀರು ಹರಿದುಹೋಗಲೆಂದು ಎಲ್ಲ ರಸ್ತೆಗಳನ್ನೂ ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿ ಕಟ್ಟಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಉತ್ತಮ ದರ್ಜೆಯ ಡಾಂಬರು ಹಾಗೂ ಕಾಂಕ್ರೀಟ್ ರಸ್ತೆಗೆ ಈ ಇಳಿಜಾರು ಮಳೆಯ ಪ್ರಮಾಣಕ್ಕೆ ಅನುಗುಣವಾಗಿ ಶೇ 1.7ರಿಂದ 2ರಷ್ಟು, ತೆಳು ಡಾಂಬರಿಗೆ ಶೇ 2ರಿಂದ 2.5, ಜಲ್ಲಿ ರಸ್ತೆಗೆ ಶೇ 2.5ರಿಂದ 3. ಎರಡೂವರೆ ಟನ್ ತೂಕದ ಪಿಕಪ್ ಶೇ 2ರ ಇಳಿಜಾರಿನಲ್ಲಿ ಸಾಗುವಾಗ ಸುಮಾರು 50 ಕಿಲೋದಷ್ಟು ಒತ್ತಡ ಅದನ್ನು ಅಂಚಿನತ್ತ ನೂಕುತ್ತಿರುತ್ತದೆ. ನಾವು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ ಯಾವ ದೋಷವೂ ಇಲ್ಲದ ವಾಹನ ಸಹ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಅಮೆರಿಕದ ಕೈಪಿಡಿಗಳನ್ನು ಓದಿದವರು ಬಲಕ್ಕೆ ಸರಿಯುವುದು ಸಹಜ ಎಂದು ಹೇಳುವುದುಂಟು. ಅದು ಅಲ್ಲಿಗೆ ಸರಿ, ಇಲ್ಲಿಗಲ್ಲ. ನಮ್ಮಲ್ಲಿ ಬಲಕ್ಕೆ ಎಳೆಯುವ ವಾಹನವನ್ನು ರಸ್ತೆಯ ಮೇಲೆ ಹೊರೆ ಹಾಕಿ ಸುಮ್ಮನಾಗುವಂತಿಲ್ಲ.

ಎಷ್ಟು ಸರಿದರೆ ಸಹಜ? ಇದಕ್ಕೆ ಕಟ್ಟುನಿಟ್ಟಾದ ಅಳತೆಯಿಲ್ಲ. ಪಥದ ಅಂಚು ಮುಟ್ಟಲು ಎಂಟು ಹತ್ತು ಸೆಕೆಂಡು ಹಿಡಿದರೆ ಬಹುಮಟ್ಟಿಗೆ ರಸ್ತೆಯ ಪ್ರಭಾವ ಎಂದೂ, ಎರಡು ಮೂರು ಸೆಕೆಂಡಿನಲ್ಲಿಯೇ ಅಂಚಿಗೆ ಹೋದರೆ ದೋಷ ವಾಹನದಲ್ಲಿದೆ ಎಂದೂ ಸ್ಥೂಲವಾಗಿ ಭಾವಿಸಬಹುದು.

ಗಾಳಿಯ ವಿಷಯದಲ್ಲಿ ನಮ್ಮ ಜಿಲ್ಲೆಯ ಚಾಲಕರು ವಿಶೇಷ ಎಚ್ಚರ ವಹಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲು ಸೀಮೆಯಲ್ಲಿ ಪಶ್ಚಿಮದ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಹುನಗುಂದ, ಇಳಕಲ್ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50 (ಹಿಂದಿನ 13) ಮತ್ತು ಕೆರೂರು, ಗದ್ದನಕೇರಿ ಕ್ರಾಸ್ ಮೂಲಕ ಹಾಯುವ ಹೆದ್ದಾರಿ 52 (ಹಿಂದಿನ 218) ಎರಡೂ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಸಾಗುತ್ತವೆ. ವಿಜಯಪುರದ ಕಡೆ ಹೋಗುವಾಗ ಗಾಳಿ ಎಡಗಡೆಯಿಂದ ಬಡಿದು ವಾಹನವನ್ನು ಬಲಕ್ಕೆ ನೂಕುತ್ತದೆ. ಮರಳಿ ಬರುವಾಗ ಎಡಕ್ಕೆ ನೂಕುತ್ತದೆ. ತಾಡಪತ್ರಿ ಹೊದಿಸಿದ ಎತ್ತರದ ಹೇರು ಇದ್ದರಂತೂ ಗಾಡಿ ಹಾಯಿ ಕಟ್ಟಿದ ದೋಣಿಯಂತಾಗುತ್ತದೆ. ಹೋಗಿ ಬರುವಾಗ ಎಳೆತದ ದಿಕ್ಕು ಬದಲಾದರೆ ಗ್ಯಾರೇಜಿಗೆ ಹೋಗುವ ಅಗತ್ಯವಿಲ್ಲ.

ಹವಾ ಮತ್ತು ಟೈರು

ದಿಕ್ಕು ಬದಲಾಗದಿದ್ದರೆ ಮೊದಲು ನೋಡಬೇಕಾದದ್ದು ಟೈರಿನ ಹವಾ. ಮುಂದಿನ ಯಾವ ಚಕ್ರದಲ್ಲಿ ಹವಾ ಕಡಿಮೆಯಿದೆಯೋ ಆ ಬದಿಗೆ ವಾಹನ ಎಳೆಯುತ್ತದೆ. ಹವಾ ಕಡಿಮೆಯಾದ ಟೈರು ಹೆಚ್ಚು ಬಾಗಿ, ಹೆಚ್ಚು ತಡೆ ಒಡ್ಡುವುದೇ ಕಾರಣ. ಅಳತೆಯನ್ನು ವಾಹನ ಓಡುವುದಕ್ಕೆ ಮುನ್ನ, ಟೈರು ತಣ್ಣಗಿರುವಾಗ ನೋಡಬೇಕು. ಬೇಸಿಗೆಯ ಮಧ್ಯಾಹ್ನ ಇಳಕಲ್ಲಿನಿಂದ ಬಾಗಲಕೋಟೆಗೆ ಓಡಿ ಬಂದು ಪಂಕ್ಚರ್ ಅಂಗಡಿಯಲ್ಲಿ ಅಳತೆ ನೋಡಿದರೆ ಅದು ನಿಜವಾದ ಅಳತೆಯಲ್ಲ. ಹಾಗೆ ಬಿಸಿಯಿರುವಾಗ ಹೆಚ್ಚಾಗಿದೆಯೆಂದು ಒಂದು ಬದಿಯ ಹವಾ ಬಿಟ್ಟು ಹೊಸ ಎಳೆತವನ್ನು ಕೊಂಡು ತಂದವರೂ ಇದ್ದಾರೆ. ಎಷ್ಟು ಹವಾ ಇರಬೇಕೆಂಬುದು ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಖಾಲಿ ಹಾಗೂ ಹೇರು ತುಂಬಿದ ಸ್ಥಿತಿಗೆ ಪ್ರತ್ಯೇಕವಾಗಿ ನಮೂದಾಗಿರುತ್ತದೆ.

ಹವಾ ಸಮನಾಗಿದ್ದರೂ ಟೈರುಗಳು ಸಮನಾಗಿರುವುದಿಲ್ಲ. ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಸವೆದದ್ದು. ಒಂದು ರೇಡಿಯಲ್, ಇನ್ನೊಂದು ನೈಲಾನ್. ಒಂದು ಕಂಪನಿಯದು, ಇನ್ನೊಂದು ರೀಟ್ರೆಡ್ ಮಾಡಿದ್ದು. ಸ್ಟೆಪ್ನಿ ಹಾಕಿಕೊಂಡು ಊರು ತಲುಪಿ ಅದನ್ನೇ ತಿಂಗಳುಗಟ್ಟಲೆ ಓಡಿಸುವ ನಮ್ಮ ಅಭ್ಯಾಸದಿಂದ ಇಂಥ ಬೆರಕೆ ಉಂಟಾಗುತ್ತದೆ. ಸುತ್ತಳತೆ ಕಡಿಮೆಯಿರುವ ಟೈರಿನ ಬದಿಗೆ ವಾಹನ ಹೊರಳುತ್ತದೆ. ಟೈರಿನ ಮೇಲೂ ನೆಲದ ಮೇಲೂ ಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ ಅಂತರ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

ಕಣ್ಣಿಗೆ ಕಾಣದ ದೋಷವೂ ಉಂಟು. ರೇಡಿಯಲ್ ಟೈರಿನ ಒಳಗಿನ ಉಕ್ಕಿನ ಪಟ್ಟಿ ತುಸು ಓರೆಯಾಗಿ ಕುಳಿತಿದ್ದರೆ ಆ ಟೈರು ಶಂಕುವಿನ ಆಕಾರ ತಾಳಿದಂತೆ ಒಂದು ಕಡೆಗೆ ಉರುಳುತ್ತದೆ. ಹೊಚ್ಚ ಹೊಸ ಟೈರಿನಲ್ಲಿಯೂ ಇದು ಸಂಭವಿಸಬಹುದು. ಇದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಡ. ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ ಅದೇ ರಸ್ತೆಯಲ್ಲಿ ಓಡಿಸಬೇಕು. ಎಳೆತ ಮತ್ತೊಂದು ಬದಿಗೆ ತಿರುಗಿದರೆ ಅಥವಾ ಇಲ್ಲವಾದರೆ ತಪ್ಪು ಟೈರಿನದು. ಮೊದಲಿನ ಬದಿಗೇ ಎಳೆದರೆ ಮುಂದಿನ ಟೈರುಗಳು ನಿರ್ದೋಷಿ. ತಿರುಗುವ ದಿಕ್ಕು ತೋರಿಸುವ ಬಾಣದ ಗುರುತುಳ್ಳ ಟೈರುಗಳನ್ನು ಮಾತ್ರ ಹೀಗೆ ಬದಲಿಸಬಾರದು. ಅವುಗಳನ್ನು ಅದೇ ಬದಿಯ ಹಿಂದಿನ ಚಕ್ರದೊಂದಿಗೆ ಬದಲಿಸಿ ನೋಡಬೇಕು. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟು ಸಾವಿರಾರು ರೂಪಾಯಿಯ ಟೈರು ಕೊಳ್ಳುವವರನ್ನು ಕಂಡರೆ ಅಚ್ಚರಿಯಾಗುತ್ತದೆ.

ಚಕ್ರದ ಒಳಬದಿಗೆ ಮೆತ್ತಿಕೊಂಡ ಎರಿ ಮಣ್ಣಿನ ಕೆಸರು ಒಣಗಿದರೆ ಸ್ಟಿಯರಿಂಗ್ ನಡುಗುತ್ತದೆ. ಅದು ಎಳೆತವಲ್ಲ, ತೊಳೆದರೆ ಹೋಗುತ್ತದೆ.

ಹಿಡಿದುಕೊಂಡ ಬ್ರೇಕು

ಟೈರು ನಿರ್ದೋಷಿಯೆಂದು ತಿಳಿದ ಮೇಲೆ ಬ್ರೇಕಿನ ಸರದಿ. ಹತ್ತು ಕಿಲೋಮೀಟರ್ ಓಡಿಸಿ, ಸಾಧ್ಯವಾದಷ್ಟು ಬ್ರೇಕ್ ಬಳಸದೆ, ತಾನಾಗಿ ನಿಲ್ಲುವಂತೆ ವಾಹನವನ್ನು ಬದಿಗೆ ನಿಲ್ಲಿಸಬೇಕು. ನಾಲ್ಕೂ ಚಕ್ರಗಳ ನಡುಭಾಗಕ್ಕೆ ಅಂಗೈಯ ಹಿಂಬದಿಯನ್ನು ಮುಟ್ಟಿಸದೆ ಹತ್ತಿರ ಹಿಡಿದರೆ ಶಾಖ ತಿಳಿಯುತ್ತದೆ. ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ. ಎಳೆತವೂ ಅದೇ ಬದಿಗೆ ಇರುತ್ತದೆ. ಜ್ಯಾಕ್ ಏರಿಸಿ ಚಕ್ರ ತಿರುಗಿಸಿದಾಗ ಬಿಗಿಯಾಗಿದ್ದರೆ ಬ್ರೇಕು, ಗರಗರ ಸದ್ದು ಬಂದರೆ ಬೇರಿಂಗು ಎಂದು ತಿಳಿಯಬಹುದು.

ಡಿಸ್ಕ್ ಬ್ರೇಕ್ ಇರುವಲ್ಲಿ ಕ್ಯಾಲಿಪರ್ ಜಾರುವ ಪಿನ್ನುಗಳು ದೂಳು ತುಂಬಿ ಸಿಕ್ಕಿಕೊಳ್ಳುವುದು ಸಾಮಾನ್ಯ. ಕಲ್ಲಿನ ಹುಡಿ ಹಾರುವ ಕ್ವಾರಿ ರಸ್ತೆಗಳಲ್ಲಿ ಓಡುವ ವಾಹನಗಳಿಗೆ ಇದು ಇನ್ನೂ ಬೇಗ ಬರುತ್ತದೆ. ಡ್ರಮ್ ಬ್ರೇಕಿನಲ್ಲಿ ಶೂಗಳ ಹೊಂದಾಣಿಕೆ ಒಂದು ಬದಿಗೆ ಹೆಚ್ಚು ಬಿಗಿಯಾಗಿರಬಹುದು, ಇಲ್ಲವೆ ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಹಿಂದಿರುಗದೆ ಇರಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕಿನ ಹಳ್ಳಿಗಳು ಮುಳುಗಿದ್ದು ಓದುಗರಿಗೆ ನೆನಪಿರಬಹುದು. ಅಂಥ ನೀರಿನಲ್ಲಿ ನಿಂತ ಅಥವಾ ಹಾಯ್ದ ವಾಹನಗಳ ಹಬ್‌ನೊಳಗಿನ ಗ್ರೀಸು ಕೆಡುವುದು, ಡ್ರಮ್ಮಿನಲ್ಲಿ ತುಕ್ಕು ಕೂರುವುದು ಖಚಿತ. ನೀರಿಳಿದ ಮೇಲೆ ಎಂಜಿನ್ ಎಣ್ಣೆಯನ್ನಷ್ಟೇ ಬದಲಿಸಿ ಚಕ್ರ ಬಿಚ್ಚಿಸದೆ ಬಿಟ್ಟರೆ ದೋಷ ಕೆಲವು ವಾರಗಳ ನಂತರ ಎಳೆತವಾಗಿ ಪ್ರಕಟವಾಗುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ಜಗ್ಗುವುದಾದರೆ ತರ್ಕ ತಿರುಗುಮುರುಗು. ವಾಹನವು ಬ್ರೇಕ್ ಚೆನ್ನಾಗಿ ಹಿಡಿಯುವ ಬದಿಗೆ ಜಗ್ಗುತ್ತದೆ. ಕೆಟ್ಟಿರುವುದು ಎದುರು ಬದಿ. ಬಲಕ್ಕೆ ಜಗ್ಗಿದರೆ ಎಡ ಚಕ್ರದ ಲೈನರ್ ಮೇಲೆ ಎಣ್ಣೆ ಅಥವಾ ಗ್ರೀಸು ಸೋರಿದೆಯೇ, ಪಿಸ್ಟನ್ ಸಿಕ್ಕಿಕೊಂಡಿದೆಯೇ ನೋಡಬೇಕು. ಇಷ್ಟು ತಿಳಿಯದೆ ಚೆನ್ನಾಗಿರುವ ಬದಿಯ ಬ್ರೇಕನ್ನು ಸಡಿಲಿಸಿ 'ಸಮ' ಮಾಡಿಕೊಡುವವರಿದ್ದಾರೆ. ಆಗ ಜಗ್ಗುವುದು ನಿಲ್ಲುತ್ತದೆ, ಗಾಡಿಯೂ ನಿಲ್ಲುವುದಿಲ್ಲ.

ವಿಚಿತ್ರವಾದ ಒಂದು ಲಕ್ಷಣವನ್ನು ಇಲ್ಲಿ ಹೇಳಲೇಬೇಕು. ಬ್ರೇಕ್ ಒತ್ತಿದ ಕ್ಷಣ ವಾಹನ ಬಲಕ್ಕೆ ಜಗ್ಗಿ, ಕಾಲು ತೆಗೆದ ಮೇಲೆ ಎಡಕ್ಕೆ ಎಳೆದರೆ ಎಡಗಡೆಯ ರಬ್ಬರ್ ಹೋಸ್ ಒಳಗೇ ಊದಿಕೊಂಡಿರುವ ಸಂಭವವಿದೆ. ಎಣ್ಣೆ ಒಳಗೆ ಹೋಗುವುದೂ ತಡ, ಹಿಂದೆ ಬರುವುದೂ ತಡ. ಚಕ್ರ ಬಿಗಿ ಹಿಡಿದಿರುವಾಗ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ ಸಡಿಲಿಸಿದರೆ ಎಣ್ಣೆ ಚಿಮ್ಮಿ ಚಕ್ರ ಬಿಡುಗಡೆಯಾದರೆ ಹೋಸ್ ಮೇಲಿನ ಅನುಮಾನ ಬಲಗೊಳ್ಳುತ್ತದೆ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ತಾನೇ ಸಿಕ್ಕಿಕೊಂಡಿದೆ. ಈ ಪರೀಕ್ಷೆಯ ನಂತರ ಬ್ರೇಕಿನ ಹವಾ ತೆಗೆಸದೆ ವಾಹನ ಓಡಿಸಬಾರದು.

ಹೇರು, ಪಾಟಾ ಮತ್ತು ಓರೆಯಾದ ಆಕ್ಸಲ್

ಕಾರುಗಳ ಬಗ್ಗೆ ಬರೆದ ಕೈಪಿಡಿಗಳು ನಮ್ಮ ಪಿಕಪ್ ಚಾಲಕರಿಗೆ ಕೈಕೊಡುವುದು ಈ ಘಟ್ಟದಲ್ಲಿ. ಪಿಕಪ್‌ಗಳ ಹಿಂಬದಿಯಲ್ಲಿ ಗಟ್ಟಿಯಾದ ಒಂದೇ ಆಕ್ಸಲ್ ಇದ್ದು, ಅದು ಲೀಫ್ ಸ್ಪ್ರಿಂಗ್, ಅಂದರೆ ನಮ್ಮ ಕಡೆಯ ಮಾತಿನ ಪಾಟಾಗಳ ಮೇಲೆ ಕುಳಿತಿರುತ್ತದೆ. 2005ರಲ್ಲಿ ಬಂದ ಟಾಟಾ ಏಸ್‌ನಂಥ ಪುಟ್ಟ ಸರಕು ವಾಹನಗಳಲ್ಲಿ ಮುಂಬದಿಗೂ ಇದೇ ವ್ಯವಸ್ಥೆ. ಪಾಟಾಗಳ ಎಲೆಗಳನ್ನೆಲ್ಲ ಪೋಣಿಸಿ ಹಿಡಿಯುವುದು ನಡುವಿನ ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಕುಳಿತು ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ತಡೆಯುತ್ತದೆ. ಎರಡನ್ನೂ ಅಪ್ಪಿ ಬಿಗಿಯುವುದು ಯು-ಬೋಲ್ಟುಗಳು. ಯು-ಬೋಲ್ಟ್ ಸಡಿಲವಾದರೆ ಭಾರವೆಲ್ಲ ಆ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ಒಂದು ದಿನ ತುಂಡಾಗುತ್ತದೆ. ಆಗ ಆಕ್ಸಲ್ ಆ ಬದಿಗೆ ಹಿಂದಕ್ಕೆ ಜಾರುತ್ತದೆ.

ಜಾರಿದರೆ ಏನಾಗುತ್ತದೆ? ಹಿಂದಿನ ಎಡ ಚಕ್ರ ಹಿಂದಕ್ಕೆ ಸರಿದಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ಚಕ್ರಗಳ ಮುಖ ಎಡಕ್ಕೆ ತಿರುಗಿ ಗಾಡಿಯ ಬಾಲ ಎಡಕ್ಕೆ, ಮೂತಿ ಬಲಕ್ಕೆ ಹೋಗಲು ನೋಡುತ್ತದೆ. ಚಾಲಕ ಸ್ಟಿಯರಿಂಗನ್ನು ಎಡಕ್ಕೆ ಹಿಡಿದು ಅದನ್ನು ಸರಿದೂಗಿಸುತ್ತಾನೆ. ವಾಹನ ನೇರವಾಗಿ ಸಾಗಿದರೂ ಅದರ ಮೈ ಓರೆಯಾಗಿರುತ್ತದೆ. ಹಿಂದಿನಿಂದ ಬರುವವರಿಗೆ ಮುಂದಿನ ಹಾಗೂ ಹಿಂದಿನ ಚಕ್ರಗಳು ಒಂದೇ ಸಾಲಿನಲ್ಲಿ ಇಲ್ಲದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಒಳಗೆ ಕುಳಿತವನಿಗೆ ಕಾಣುವುದಿಲ್ಲ.

ನಮ್ಮ ಬಳಗವು ದಿನಪತ್ರಿಕೆಯಾಗಿ ಅಚ್ಚಾಗುತ್ತಿದ್ದ ದಿನಗಳಲ್ಲಿ ನಸುಕಿನಲ್ಲಿ ಬಂಡಲುಗಳನ್ನು ಹೊತ್ತು ಕಮತಗಿ, ಅಮೀನಗಡ, ಹುನಗುಂದ ದಾಟಿ ಇಳಕಲ್ ಮುಟ್ಟುತ್ತಿದ್ದ ಬಾಡಿಗೆಯ ಪಿಕಪ್ ಒಂದಿತ್ತು. ಅದು ಬಲಕ್ಕೆ ಎಳೆಯುತ್ತಿತ್ತು. ಮುಂದಿನ ಎರಡು ಟೈರು ಬದಲಾದವು. ಎರಡು ಬಾರಿ ಅಲೈನ್‌ಮೆಂಟ್ ಆಯಿತು. ಎಳೆತ ಹಾಗೆಯೇ ಇತ್ತು. ಒಂದು ನಸುಕಿನಲ್ಲಿ ಎದುರಿನ ಬಸ್ಸಿನ ದೀಪಕ್ಕೆ ಬೆಚ್ಚಿ ಚಾಲಕ ಗಾಡಿಯನ್ನು ಎಡಕ್ಕೆ ಹೊರಳಿಸಿದ್ದರಿಂದ ಬಂಡಲುಗಳೆಲ್ಲ ರಸ್ತೆಗೆ ಬಿದ್ದವು. ಚಾಲಕನಿಗೆ ನಿದ್ದೆ ಹತ್ತಿತ್ತು ಎಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದೆವು. ಈ ಸಾಲುಗಳ ಲೇಖಕನೂ ಅವರಲ್ಲೊಬ್ಬ. ಆತನ ಒಂದು ವಾರದ ಕೂಲಿ ಹೋಯಿತು. ಕೆಲವು ದಿನಗಳ ನಂತರ ಬೈಕಿನಲ್ಲಿ ಹಿಂದೆ ಬಂದ ಅಮೀನಗಡದ ಪತ್ರಿಕೆ ಹಂಚುವ ಹುಡುಗನೊಬ್ಬ 'ಅಣ್ಣಾ, ನಿನ್ನ ಗಾಡಿ ಸೊಟ್ಟ ಹೊಂಟದ' ಎಂದ. ಹಗ್ಗ ಹಿಡಿದು ಅಳೆದಾಗ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಣ ಅಂತರ ಬಲಗಡೆಗಿಂತ ಎಡಗಡೆ ಎರಡು ಬೆರಳಿನಷ್ಟು ಹೆಚ್ಚಿತ್ತು. ಎಡ ಪಾಟಾದ ಸೆಂಟರ್ ಬೋಲ್ಟ್ ತುಂಡಾಗಿತ್ತು. ಹೊಸ ಬೋಲ್ಟುಗಳಿಗೆ ಆದ ಖರ್ಚು ಒಂದು ಟೈರಿನ ಬೆಲೆಯ ಸಣ್ಣ ಪಾಲು. ಕೂಲಿಯನ್ನು ಮರಳಿಸಲಾಯಿತು, ಆದರೆ ಆತ ಮುಂದಿನ ತಿಂಗಳು ಬೇರೆ ಕಡೆ ಕೆಲಸಕ್ಕೆ ಹೋದ.

ಆದ್ದರಿಂದ ಹಗ್ಗದ ಪರೀಕ್ಷೆಯನ್ನು ಪ್ರತಿಯೊಬ್ಬ ಮಾಲೀಕನೂ ಕಲಿತಿರಬೇಕು. ಮುಂದಿನ ಚಕ್ರಗಳನ್ನು ನೇರವಾಗಿಟ್ಟು, ಸಮತಟ್ಟಾದ ನೆಲದಲ್ಲಿ, ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿನವರೆಗೆ ಎರಡೂ ಬದಿಯಲ್ಲಿ ಅಳೆಯಬೇಕು. ಅಂತರ ಕಡಿಮೆಯಿರುವ ಬದಿಗೆ ವಾಹನ ಎಳೆಯುತ್ತದೆ. ಕೆಲವು ಮಿಲಿಮೀಟರ್ ವ್ಯತ್ಯಾಸ ಅಳತೆಯ ತಪ್ಪಿರಬಹುದು. ಬೆರಳಿನಗಲ ವ್ಯತ್ಯಾಸವನ್ನು ಅಳತೆಯ ತಪ್ಪೆಂದು ಬಿಡುವಂತಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಹೊರಳುವ ವಾಹನದಲ್ಲಿ ಆಕ್ಸಲ್ ಇನ್ನೂ ಜಾರಾಡುತ್ತಿದೆ ಎಂದೇ ಅರ್ಥ. ಯು-ಬೋಲ್ಟ್ ಸಡಿಲವೋ, ಶ್ಯಾಕಲ್ ಬುಷ್‌ಗಳು ಸವೆದಿವೆಯೋ ನೋಡಬೇಕು. ಪಾಟಾ ಕೆಲಸ ಮಾಡಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸುವುದು ಕಡ್ಡಾಯ. ಹಳೆಯ ಯು-ಬೋಲ್ಟನ್ನೇ ಪುನಃ ಬಳಸದಿರುವುದು ಒಳ್ಳೆಯದು. ಒಮ್ಮೆ ಹಿಗ್ಗಿದ ಬೋಲ್ಟು ಬಿಗಿ ಹಿಡಿಯುವುದಿಲ್ಲ.

ಇದರೊಂದಿಗೆ ನೆಲದಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನೂ ನಾಲ್ಕೂ ಕಡೆ ಅಳೆಯಬೇಕು. ಒಂದು ಮೂಲೆ ತಗ್ಗಿದ್ದರೆ ಅಲ್ಲಿಯ ಪಾಟಾ ಸೋತಿದೆ ಅಥವಾ ಎಲೆಯೊಂದು ಮುರಿದಿದೆ. ಇಳಕಲ್ ಸುತ್ತಿನ ವಾಹನಗಳಲ್ಲಿ ಒಂದೇ ಬದಿಯ ಪಾಟಾ ಸೋಲುವುದಕ್ಕೆ ಹೇರುವ ರೀತಿಯೇ ಬಹುಪಾಲು ಕಾರಣ. ಎಂಟು ಅಡಿ ಉದ್ದ, ಎರಡು ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಗ್ರಾನೈಟ್ ಹಲಗೆಯೊಂದು ಸುಮಾರು 70 ಕಿಲೋ ತೂಗುತ್ತದೆ. ಹತ್ತು ಹಲಗೆಗಳನ್ನು ಒಂದೇ ಬದಿಗೆ ಒರಗಿಸಿದರೆ 700 ಕಿಲೋ ಆ ಬದಿಯ ಪಾಟಾದ ಮೇಲೆ ಬೀಳುತ್ತದೆ. ಇಳಿಸುವಾಗಲೂ ಎರಡು ಬದಿಯಿಂದ ಸರದಿಯಂತೆ ಇಳಿಸದೆ ಒಂದು ಬದಿಯನ್ನು ಮುಗಿಸಿ ಮುಂದಿನ ಊರಿಗೆ ಹೊರಡುವ ಪರಿಪಾಠವಿದೆ. ಹೇರಿದಾಗ ಮಾತ್ರ ಎಳೆಯುವ ವಾಹನದಲ್ಲಿ ದೋಷ ಹುಡುಕುವ ಮೊದಲು ಹೇರನ್ನು ಹಂಚಿ ನೋಡಬೇಕು.

ಮಿತಿ ಮೀರಿ ಹೇರುವುದಕ್ಕೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 20 ಸಾವಿರ ರೂಪಾಯಿ ದಂಡ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ರೂಪಾಯಿ ವಿಧಿಸಲಾಗಿದೆ. ದಂಡ ತಪ್ಪಿಸಿಕೊಂಡರೂ ಸೆಂಟರ್ ಬೋಲ್ಟಿನಿಂದ ತಪ್ಪಿಸಿಕೊಳ್ಳಲಾಗದು.

ಸವೆದ ಜೋಡಣೆಗಳು

ಮುಂಭಾಗವನ್ನು ಜ್ಯಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಆಟ ಕಂಡುಬಂದರೆ ಬೇರಿಂಗ್ ಅಥವಾ ಕಿಂಗ್‌ಪಿನ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಕಿಂಗ್‌ಪಿನ್ನೇ. ಎಡಬಲ ಹಿಡಿದು ಅಲುಗಿಸಿದಾಗ ಆಟವಿದ್ದರೆ ಟೈರಾಡ್ ಎಂಡ್. ಇವು ಸವೆದಾಗ ಸಾಮಾನ್ಯವಾಗಿ ಓಲಾಟ ಉಂಟಾಗುತ್ತದೆ. ಒಂದು ಬದಿಯದು ಮಾತ್ರ ಹೆಚ್ಚು ಸವೆದರೆ ಎಳೆತವೂ ಬರುತ್ತದೆ.

ಇದಕ್ಕೆ ವಿರುದ್ಧವಾದ ದೋಷ ಬಿಗಿತ. ಗ್ರೀಸು ಕಾಣದ ಕಿಂಗ್‌ಪಿನ್ ಒಣಗಿ ಬಿಗಿದುಕೊಂಡಾಗ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಬಲಕ್ಕೆ ತಿರುಗಿ ಬಂದರೆ ಬಲಕ್ಕೆ, ಎಡಕ್ಕೆ ತಿರುಗಿ ಬಂದರೆ ಎಡಕ್ಕೆ ಎಳೆಯುತ್ತದೆ. ಗ್ರೀಸ್ ಗನ್ ಹಿಡಿದರೆ ಬಹಳಷ್ಟು ಬಾರಿ ಸರಿಹೋಗುತ್ತದೆ. ಪವರ್ ಸ್ಟಿಯರಿಂಗ್ ಇರುವ ವಾಹನದಲ್ಲಿ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಎಂಜಿನ್ ಚಾಲೂ ಮಾಡಿದಾಗ ಸ್ಟಿಯರಿಂಗ್ ತಾನೇ ಒಂದು ಕಡೆ ತಿರುಗತೊಡಗಿದರೆ ದೋಷ ಸ್ಟಿಯರಿಂಗ್ ಪೆಟ್ಟಿಗೆಯ ಕವಾಟದಲ್ಲಿದೆ. ಅದು ಹೊರಗಿನ ಪರಿಣತರ ಕೆಲಸ.

ಒಂದು ಎಚ್ಚರಿಕೆ: ಜ್ಯಾಕ್ ಒಂದರ ಮೇಲೆ ನಿಂತ ವಾಹನದ ಕೆಳಗೆ ಎಂದೂ ನುಸುಳಬಾರದು. ನಮ್ಮ ಊರುಗಳಲ್ಲಿ ಕಲ್ಲಿಗೆ ಬರವಿಲ್ಲವಾದ್ದರಿಂದ ಕಲ್ಲು ಅಥವಾ ಇಟ್ಟಿಗೆ ಆಸರೆ ಕೊಡುವ ಅಭ್ಯಾಸವಿದೆ. ಒಳಗೆ ಬಿರುಕಿರುವ ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ನಯವಾದ ಕಲ್ಲು ಜಾರುತ್ತದೆ. ಕಬ್ಬಿಣದ ಸ್ಟ್ಯಾಂಡ್ ಅಥವಾ ದಪ್ಪನೆಯ ಮರದ ದಿಮ್ಮಿಗಳನ್ನೇ ಬಳಸಬೇಕು.

ಅಲೈನ್‌ಮೆಂಟ್: ಕೊನೆಯ ಹೆಜ್ಜೆ

ಇಷ್ಟೆಲ್ಲ ನೋಡಿದ ಮೇಲೆ ಅಲೈನ್‌ಮೆಂಟಿಗೆ ಹೋಗುವುದು ಸರಿಯಾದ ಕ್ರಮ. ಸವೆದ ಬುಷ್, ಜಾರಿದ ಆಕ್ಸಲ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮರುದಿನವೇ ಹೋಗುತ್ತದೆ.

ಅಲೈನ್‌ಮೆಂಟ್ ಎಂಬುದು ಮೂರು ಕೋನಗಳ ಒಟ್ಟು ಹೆಸರು. ಟೋ ಎಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಗೆ ಅಥವಾ ಹೊರಗೆ ತಿರುಗಿರುವುದು. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವುದು. ಕ್ಯಾಸ್ಟರ್ ಎಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದು. ತಿರುವಿನ ನಂತರ ಸ್ಟಿಯರಿಂಗ್ ಮರಳಿ ನೇರವಾಗುವುದು ಇದರ ಬಲದಿಂದ. ಮೇಲ್ಭಾಗ ಹೆಚ್ಚು ಹೊರಗೆ ವಾಲಿದ ಚಕ್ರದ ಬದಿಗೆ ವಾಹನ ಎಳೆಯುತ್ತದೆ. ಕ್ಯಾಸ್ಟರ್ ಕಡಿಮೆಯಿರುವ ಬದಿಗೆ ಎಳೆಯುತ್ತದೆ. ಕೋನಗಳ ಮೊತ್ತಕ್ಕಿಂತ ಎಡಬಲಗಳ ನಡುವಣ ವ್ಯತ್ಯಾಸ ಮುಖ್ಯ. ಅರ್ಧ ಡಿಗ್ರಿಗೂ ಮೀರಿದ ವ್ಯತ್ಯಾಸವನ್ನು ಕಡೆಗಣಿಸಬಾರದು.

ಮುಂದಿನ ಚಕ್ರಗಳ ಟೋ ಮಾತ್ರ ತಪ್ಪಿದ್ದರೆ ಟೈರು ಗರಗಸದ ಹಲ್ಲಿನಂತೆ ಸವೆಯುತ್ತದೆಯೇ ಹೊರತು ವಾಹನ ಎಳೆಯುವುದಿಲ್ಲ. ಚಲಿಸುವಾಗ ಎರಡು ಚಕ್ರಗಳೂ ತಪ್ಪನ್ನು ಸಮನಾಗಿ ಹಂಚಿಕೊಳ್ಳುವುದೇ ಕಾರಣ. ಆದರೆ ಗಟ್ಟಿ ಆಕ್ಸಲ್‌ನ ವಾಹನಗಳಲ್ಲಿ ಸುಲಭವಾಗಿ ಹೊಂದಿಸಲು ಬರುವುದು ಟೋ ಒಂದೇ. ಹೀಗಾಗಿ ಹಲವೆಡೆ ಟೋ ಒಂದನ್ನು ಸರಿಪಡಿಸಿ ಅಲೈನ್‌ಮೆಂಟ್ ಮುಗಿಯಿತೆಂದು ಹಣ ಪಡೆಯಲಾಗುತ್ತದೆ. ಎಳೆತ ಹೋಗದಿರುವ ರಹಸ್ಯ ಇಲ್ಲಿದೆ. ಮಾಲೀಕರು ಕೆಲಸಕ್ಕೆ ಮುನ್ನ ಹಾಗೂ ನಂತರದ ಮುದ್ರಿತ ಅಳತೆ ಚೀಟಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಕ್ಯಾಸ್ಟರ್ ಜಾಗ ಖಾಲಿಯಿದ್ದರೆ ಅಳತೆ ತೆಗೆದಿಲ್ಲ ಎಂದು ತಿಳಿಯಬೇಕು. ಅದನ್ನು ಅಳೆಯಲು ಚಕ್ರಗಳನ್ನು ತಿರುಗುವ ತಟ್ಟೆಯ ಮೇಲಿಟ್ಟು ಎಡಕ್ಕೂ ಬಲಕ್ಕೂ ತಿರುಗಿಸಲೇಬೇಕಾಗುತ್ತದೆ.

ಗಟ್ಟಿ ಆಕ್ಸಲ್‌ನಲ್ಲಿ ಕ್ಯಾಂಬರ್ ತಪ್ಪಿದೆಯೆಂದರೆ ಕಿಂಗ್‌ಪಿನ್ ಸವೆದಿದೆ, ಇಲ್ಲವೆ ಆಕ್ಸಲ್ ಬಾಗಿದೆ. ರಸ್ತೆ ಉಬ್ಬಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳಿರುವ ಅಳತೆ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ. ನಮ್ಮ ಹಳ್ಳಿಗಳ ಮುಂದೆ ರಾತ್ರೋರಾತ್ರಿ ಏಳುವ ಮಣ್ಣು, ಕಾಂಕ್ರೀಟಿನ ದಿಬ್ಬಗಳಿಗೆ ಈ ಅಳತೆಯ ಪರಿಚಯವಿಲ್ಲ. ಬಣ್ಣವಿಲ್ಲದ ಅಂಥ ದಿಬ್ಬವನ್ನು ತುಂಬಿದ ಹೇರಿನೊಂದಿಗೆ ಕತ್ತಲಲ್ಲಿ ಹಾರಿಸಿದರೆ ಆಕ್ಸಲ್ ಬಾಗುವುದು ಅಸಾಧ್ಯವೇನಲ್ಲ. ಬಾಗಿದ ಆಕ್ಸಲ್ಲನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೇರ ಮಾಡಿಕೊಡುವವರ ಬಳಿ ಹೋಗಬಾರದು. ಕಾಯಿಸಿದ ಜಾಗದಲ್ಲಿ ಉಕ್ಕು ತನ್ನ ಹದ ಕಳೆದುಕೊಂಡು ಮುಂದೊಂದು ದಿನ ಮುರಿಯುತ್ತದೆ. ಬದಲಿಸುವುದೇ ಕ್ಷೇಮ. ಕ್ಯಾಸ್ಟರ್ ವ್ಯತ್ಯಾಸವನ್ನಾದರೆ ಪಾಟಾ ಮತ್ತು ಆಕ್ಸಲ್ ನಡುವೆ ಓರೆ ತಗಡು ಸೇರಿಸಿ ಸರಿಪಡಿಸಬಹುದು. ಅದಕ್ಕೂ ಮೊದಲು ಪಾಟಾ ಏಕೆ ಸೋತಿತು ಎಂಬುದು ತಿಳಿದಿರಬೇಕು.

ಎಂಟು ವರ್ಷದೊಳಗಿನ ಸರಕು ವಾಹನಗಳಿಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಅರ್ಹತಾ ಪತ್ರ ನವೀಕರಿಸಬೇಕೆಂಬ ನಿಯಮವಿದೆ. ಕೆಎ-29 ಫಲಕದ ವಾಹನಗಳ ಮಾಲೀಕರು ಹೇಗೂ ಆ ಸಂದರ್ಭದಲ್ಲಿ ವಾಹನವನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಬಣ್ಣ ಬಳಿಸುವ ಮುನ್ನ ಹಗ್ಗ ಹಿಡಿದು ಎರಡು ಬದಿಯ ಅಂತರ ಅಳೆಯಲು ಐದು ನಿಮಿಷ ಸಾಕು.